ಟೀಚರ್‌ಗೆ ಏನು ಕೊಡೋಣ? ಶಿವಮೊಗ್ಗ, ಮಲೆನಾಡಿನ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಆಗಸ್ಟ್ ಕೊನೆಯ ವಾರ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಕರೆಗಳು: "ಅಕ್ಕ, ಟೀಚರ್ಸ್ ಡೇಗೆ ಏನು ಕೊಡೋದು?" ಅಮ್ಮ ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 30ಕ್ಕೂ ಹೆಚ್ಚು ವರ್ಷ ಪಾಠ ಮಾಡಿ ನಿವೃತ್ತರಾದವರು. ನನ್ನ ಇಬ್ಬರು ಮಕ್ಕಳು ಶಿವಮೊಗ್ಗದಲ್ಲಿ ಓದುತ್ತಿದ್ದಾರೆ. ಹೀಗೆ ಕೊಡುವವರ ಮನೆಯನ್ನೂ ತೆಗೆದುಕೊಳ್ಳುವವರ ಮನೆಯನ್ನೂ ಒಳಗಿನಿಂದ ನೋಡಿದ್ದೇನೆ.

ಅಮ್ಮನ ಮನೆಯ ಅಟ್ಟದಲ್ಲಿ ಎರಡು ರಟ್ಟಿನ ಪೆಟ್ಟಿಗೆಗಳಿವೆ. ಅವುಗಳ ತುಂಬ ಗೋಡೆ ಗಡಿಯಾರ, ಪೆನ್ ಸ್ಟ್ಯಾಂಡು, ಗಾಜಿನ ನವಿಲು, "ಬೆಸ್ಟ್ ಟೀಚರ್" ಎಂದು ಬರೆದ ಲೋಟಗಳು. ಕೆಲವಕ್ಕೆ ಸುತ್ತಿದ ಬಣ್ಣದ ಕಾಗದವನ್ನು ಇಂದಿಗೂ ಬಿಚ್ಚಿಲ್ಲ. ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿ, ಒಂದು ಬಿಸ್ಕತ್ತಿನ ಡಬ್ಬವಿದೆ. ಅದರಲ್ಲಿರುವುದು ಮಕ್ಕಳು ಬರೆದ ಚೀಟಿಗಳು, ಒಂದು ಒಣಗಿದ ಹೂವು, ಯಾರೋ ಅರಳೆಯಿಂದ ಮಾಡಿಕೊಟ್ಟ ಗುಬ್ಬಿ. ಮಳೆಗಾಲ ಮುಗಿದು ಬಿಸಿಲು ಬಿದ್ದ ಮೇಲೆ ವರ್ಷಕ್ಕೊಮ್ಮೆ ಅಮ್ಮ ಆ ಡಬ್ಬವನ್ನು ಜಗಲಿಗೆ ತಂದು, ಚೀಟಿಗಳನ್ನು ಒಂದೊಂದಾಗಿ ಬಿಸಿಲಿಗೆ ಹರಡುತ್ತಾರೆ. ಕೆಳಗಿನ ಉತ್ತರಗಳನ್ನು ಆ ಡಬ್ಬವನ್ನು ನೆನಪಿಟ್ಟುಕೊಂಡೇ ಬರೆದಿದ್ದೇನೆ.

ಉಡುಗೊರೆ ಕೊಡಲೇಬೇಕಾ?

ಇಲ್ಲ. ಕೊಡದಿದ್ದರೆ ಮಗುವಿನ ಮೇಲೆ ಟೀಚರ್‌ಗೆ ಬೇಸರವಾದೀತು ಎಂಬ ಭಯದಿಂದ ಕೊಡುವುದಾದರೆ ದಯವಿಟ್ಟು ಕೊಡಬೇಡಿ. ಅಂಥ ಭಯ ನಿಜಕ್ಕೂ ಇದೆಯಾದರೆ ಅದನ್ನು ಮುಖ್ಯ ಶಿಕ್ಷಕರ ಹತ್ತಿರ ಕೂತು ಮಾತಾಡಬೇಕು. ಮಗು ಆ ದಿನ ಟೀಚರ್ ಎದುರು ನಿಂತು "ನಮಸ್ಕಾರ ಟೀಚರ್, ನಿಮ್ಮ ಕ್ಲಾಸು ನಂಗಿಷ್ಟ" ಎಂದರೆ ಅಷ್ಟೇ ಸಾಕು.

ಸೆಪ್ಟೆಂಬರ್ 5ರಂದೇ ಕೊಡಬೇಕಾ?

ಸೆಪ್ಟೆಂಬರ್ 5 ಸರ್ವಪಲ್ಲಿ ರಾಧಾಕೃಷ್ಣನ್ ಅವರ ಹುಟ್ಟುಹಬ್ಬ. ಹುಟ್ಟಿದ್ದು 1888ರಲ್ಲಿ. ಅವರು ರಾಷ್ಟ್ರಪತಿಯಾದ 1962ರಿಂದ ಆ ದಿನ ಶಿಕ್ಷಕರ ದಿನವಾಗಿದೆ. ನಮ್ಮ ನಾಡಿಗೂ ಅವರಿಗೂ ಹತ್ತಿರದ ನಂಟು: 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ವಶಾಸ್ತ್ರ ಕಲಿಸಿದರು. ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ, ಹೂವಿನಿಂದ ಸಿಂಗರಿಸಿದ ಗಾಡಿಯನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಆ ಹುಡುಗರು ಕೊಟ್ಟದ್ದು ತಮ್ಮ ತೋಳಿನ ಶ್ರಮವನ್ನು. ನೂರು ವರ್ಷ ಕಳೆದರೂ ಜನ ಆ ಕತೆ ಹೇಳುತ್ತಿದ್ದಾರೆ.

ಆದರೆ ಆ ದಿನ ಟೀಚರ್ ಮೇಜಿನ ಮೇಲೆ ನಲವತ್ತು ಪೊಟ್ಟಣಗಳಿರುತ್ತವೆ, ಯಾರದು ಯಾವುದೆಂದು ಸಂಜೆಯ ಹೊತ್ತಿಗೆ ಅವರಿಗೇ ನೆನಪಿರುವುದಿಲ್ಲ. ನನ್ನನ್ನು ಕೇಳಿದರೆ ಇನ್ನೂ ಒಳ್ಳೆಯ ದಿನಗಳಿವೆ. ಏಪ್ರಿಲ್‌ನಲ್ಲಿ ಶಾಲೆ ಮುಗಿಯುವ ದಿನ. ವರ್ಗಾವಣೆಯ ಆದೇಶ ಬಂದು ಟೀಚರ್ ಸಾಮಾನು ಕಟ್ಟುವ ವಾರ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೇ ದಿನವಂತೂ ಎಲ್ಲಕ್ಕಿಂತ ಮೇಲು. ಅಂಕ ಬಂದ ಮೇಲೆ ಶಾಲೆಯ ಕಡೆ ತಿರುಗಿ ನೋಡುವವರು ಕಡಿಮೆ. ಆ ದಿನ ಮಗುವನ್ನು ಕರೆದುಕೊಂಡು ಹೋಗಿ ಗಣಿತದ ಮೇಷ್ಟ್ರ ಎದುರು ನಿಲ್ಲಿಸಿ ನೋಡಿ.

ಎಷ್ಟು ದುಡ್ಡಿನದು ಕೊಟ್ಟರೆ ಸರಿ?

ತೆಗೆದುಕೊಳ್ಳುವವರಿಗೆ ಮುಜುಗರ ಆಗದಷ್ಟು. ಸರ್ಕಾರಿ ಶಾಲೆಯ ಶಿಕ್ಷಕರು ಸರ್ಕಾರಿ ನೌಕರರು. ಉಡುಗೊರೆ ಪಡೆಯುವುದಕ್ಕೆ ರಾಜ್ಯದ ನಾಗರಿಕ ಸೇವಾ ನಡತೆ ನಿಯಮಗಳು ಕಟ್ಟು ಹಾಕಿವೆ. ಬೆಲೆಬಾಳುವ ವಸ್ತು ಕೊಟ್ಟರೆ ಅವರನ್ನು ನಾವೇ ಇಕ್ಕಟ್ಟಿಗೆ ತಳ್ಳಿದ ಹಾಗೆ. ಖಾಸಗಿ ಶಾಲೆಗಳಲ್ಲಿ ಕೆಲವು ಕಡೆ ಉಡುಗೊರೆಯೇ ಬೇಡ ಎಂದು ಡೈರಿಯಲ್ಲಿ ಬರೆದು ಕಳಿಸುತ್ತಾರೆ, ಅದನ್ನು ಪಾಲಿಸಿ. ಚಿನ್ನ, ಬೆಳ್ಳಿ, ಮೊಬೈಲು ಇವೆಲ್ಲ ಬೇಡವೇ ಬೇಡ.

ನಗದು ಅಥವಾ ಗಿಫ್ಟ್ ಕಾರ್ಡ್?

ಬೇಡ. ಮಗುವಿನ ಅಂಕ ಬರೆಯುವ ಕೈಗೆ ಮಗುವಿನ ಮನೆಯಿಂದ ದುಡ್ಡು ಹೋಗಬಾರದು.

ಕ್ಲಾಸಿನ ಎಲ್ಲರೂ ಇಷ್ಟಿಷ್ಟು ಅಂತ ಹಾಕಿ ಒಂದು ದೊಡ್ಡ ಉಡುಗೊರೆ ತರೋದು ಒಳ್ಳೇದಲ್ವಾ?

ನಾನೂ ಹಾಗೆಯೇ ಅಂದುಕೊಂಡಿದ್ದೆ. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ವಾಟ್ಸಾಪ್ ಗುಂಪಿನಲ್ಲಿ "ಮನೆಗೆ 300 ರೂಪಾಯಿ" ಎಂದು ಮೊದಲು ಬರೆದವಳು ನಾನು. ಕೊಟ್ಟವರ ಹೆಸರಿನ ಮುಂದೆ ಗುರುತು ಹಾಕುತ್ತ ಪಟ್ಟಿಯನ್ನು ದಿನಾ ಹಾಕಿದವಳೂ ನಾನೇ. ಒಂದು ಮನೆಯಿಂದ ಮಾತ್ರ ಬರಲಿಲ್ಲ. ಆ ಹುಡುಗಿಯ ಅಪ್ಪ ಅಡಿಕೆ ಕೊನೆ ತೆಗೆಯುವವರು. ಕೊಯ್ಲು ಇನ್ನೂ ಶುರುವಾಗದ, ಸುರಿಯುವ ಮಳೆಯಲ್ಲಿ ಮರ ಹತ್ತಲಾಗದ ಕಾಲ ಅದು. ಅಂಥ ಮನೆಗಳಲ್ಲಿ ವರ್ಷದಲ್ಲೇ ಕೈ ಬರಿದಾಗುವ ತಿಂಗಳು. ಮಲೆನಾಡಿನಲ್ಲೇ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಬೇಕಿತ್ತು. ಸೆಪ್ಟೆಂಬರ್ 5ರಂದು ಆ ಹುಡುಗಿ ಶಾಲೆಗೆ ಬರಲಿಲ್ಲ.

ಉಡುಗೊರೆಯ ಜೊತೆ ಕೊಟ್ಟ ಕಾರ್ಡಿನಲ್ಲಿ ದುಡ್ಡು ಕೊಟ್ಟವರ ಮಕ್ಕಳ ಹೆಸರಷ್ಟೇ ಇದ್ದವು. ಟೀಚರ್ ಅದನ್ನು ಓದಿ, ಮತ್ತೊಮ್ಮೆ ಓದಿ, "ಇದರಲ್ಲಿ ಒಬ್ಬಳ ಹೆಸರಿಲ್ಲವಲ್ಲ" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಪ್ರಶ್ನೆ ಇವತ್ತಿಗೂ ನನ್ನೊಳಗೆ ಉಳಿದಿದೆ.

ಮಾರನೇ ವರ್ಷ ದುಡ್ಡು ಎತ್ತಲಿಲ್ಲ. ಪ್ರತಿ ಮಗುವಿಗೂ ಒಂದೇ ಅಳತೆಯ ಒಂದು ಬಿಳಿ ಹಾಳೆ ಕೊಟ್ಟೆವು. "ಟೀಚರ್ ಹತ್ತಿರ ನೀನು ಕಲಿತ ಒಂದು ಸಂಗತಿ ಬರಿ, ಇಲ್ಲವೇ ಚಿತ್ರ ಬಿಡಿಸು." ಗೈರಾದ ಮಕ್ಕಳ ಮನೆಗೆ ಹೋಗಿ ಬರೆಸಿಕೊಂಡು ಬಂದೆವು. ಎಲ್ಲವನ್ನೂ ಜೋಡಿಸಿ, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡ್ ಮಾಡಿಸಿದರೆ ಪುಸ್ತಕ ಸಿದ್ಧ. ಮೂವತ್ತೆಂಟು ಮಕ್ಕಳು, ಮೂವತ್ತೆಂಟು ಪುಟ. ಬೈಂಡಿಂಗ್ ಖರ್ಚನ್ನು ಯಾರು ಕೊಟ್ಟರೆಂದು ಯಾರಿಗೂ ಹೇಳಲಿಲ್ಲ.

ಒಟ್ಟಾಗಿ ದುಡ್ಡು ಹಾಕಲೇಬೇಕೆಂದಿದ್ದರೆ ಮೊತ್ತ ನಿಗದಿ ಮಾಡಬೇಡಿ, ಪಟ್ಟಿ ಹಾಕಬೇಡಿ. ಕಾರ್ಡಿನಲ್ಲಿ ಹಾಜರಿ ಪುಸ್ತಕದಲ್ಲಿರುವ ಅಷ್ಟೂ ಹೆಸರು ಇರಲಿ.

ಪತ್ರದಲ್ಲಿ ಏನು ಬರೆಸಬೇಕು? ನಮ್ಮ ಮಗ "ಹ್ಯಾಪಿ ಟೀಚರ್ಸ್ ಡೇ" ಬಿಟ್ಟು ಮುಂದೆ ಹೋಗೋದೇ ಇಲ್ಲ.

ಎಲ್ಲ ಪ್ರಶ್ನೆಗಳಲ್ಲೂ ನನಗೆ ಇದೇ ಹೆಚ್ಚು ಮುಖ್ಯ.

"ನೀವು ನಮ್ಮ ಬಾಳಿನ ಬೆಳಕು" ಎಂಬಂಥ ಸಾಲನ್ನು ಬರೆಸಬೇಡಿ. ಅದು ಯಾವ ಟೀಚರ್‌ಗೆ ಬರೆದರೂ ಒಪ್ಪುತ್ತದೆ, ಹಾಗಾಗಿ ಯಾರಿಗೂ ಸೇರುವುದಿಲ್ಲ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಮೊದಲು ನಿನಗೆ ಬರದೇ ಇದ್ದದ್ದು, ಈಗ ಬರುವುದು ಯಾವುದು? ಟೀಚರ್ ಅದನ್ನು ಹೇಗೆ ಹೇಳಿಕೊಟ್ಟರು? ಯಾವತ್ತು ಅವರು ನಿನ್ನನ್ನು ನಗಿಸಿದರು? ನಿನಗೆ ಅಳು ಬಂದ ದಿನ ಏನು ಮಾಡಿದರು? ಉತ್ತರ ಬರುವತನಕ ಸುಮ್ಮನೆ ಕಾಯಿರಿ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆಯಲಿ, ಒತ್ತಕ್ಷರ ತಪ್ಪಾದರೆ ತಪ್ಪೇ ಇರಲಿ. ಕಾಗುಣಿತ ತಿದ್ದುವ ಹಕ್ಕು ಆ ಟೀಚರ್‌ದು.

ಅಮ್ಮನ ಡಬ್ಬದಲ್ಲಿರುವ ಒಂದು ಚೀಟಿಯಲ್ಲಿ ಒಬ್ಬ ಹುಡುಗ ಬರೆದಿದ್ದಾನೆ: "ನೀವು ಅಕ್ಕಿರೊಟ್ಟಿ ಮುರಿದು ನಾಲ್ಕನೇ ಒಂದು ಹೇಳಿಕೊಟ್ಟಿದ್ದು. ಆಮೇಲೆ ಆ ಚೂರು ನಂಗೇ ಕೊಟ್ಟಿದ್ರಿ." ಇನ್ನೊಂದರಲ್ಲಿ: "ಮಳೇಲಿ ನೆಂದು ಬಂದಾಗ ಅಡುಗೆ ಕೋಣೆ ಒಲೆ ಹತ್ರ ಕೂರಿಸಿದ್ರಿ. ಅವತ್ತು ಮಗ್ಗಿ ಕೇಳ್ಲಿಲ್ಲ." ಅಮ್ಮನಿಗೆ ಆ ಹುಡುಗನ ಮುಖ ನೆನಪಿದೆ, ಯಾವ ಬೆಂಚು ಎಂದೂ ನೆನಪಿದೆ. ದಿನವಿಡೀ ಕೂಗಿ ಕೂಗಿ ಗಂಟಲು ಹರಿದುಕೊಂಡ ಮೇಲೆ ಹೇಳಿದ್ದು ಯಾರ ಕಿವಿಗಾದರೂ ಬಿತ್ತೋ ಇಲ್ಲವೋ ಎಂಬ ಅನುಮಾನದಲ್ಲೇ ಮನೆಗೆ ಬರುವವರು ಮೇಷ್ಟ್ರು. ಬಿತ್ತು ಎಂದು ಹೇಳುವ ಚೀಟಿಗೆ ಸಮನಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ.

ಬರೆಯಲು ಬಾರದ ಪುಟ್ಟ ಮಕ್ಕಳಾದರೆ ಅವರು ಹೇಳಿದ್ದನ್ನು ನೀವು ಬರೆದು, ಕೆಳಗೆ ಅವರ ಬೆರಳಿಗೆ ಬಣ್ಣ ಹಚ್ಚಿ ಒತ್ತಿಸಿ. ದಿನಾಂಕವನ್ನೂ ಕ್ಲಾಸನ್ನೂ ಮರೆಯದೆ ಬರೆಯಿರಿ. ಇಪ್ಪತ್ತು ವರ್ಷದ ಮೇಲೆ ಅದು ಬೇಕಾಗುತ್ತದೆ.

ಪೋಷಕರೂ ಒಂದು ಸಾಲು ಸೇರಿಸಬಹುದು. "ಮನೆಯಲ್ಲಿ ಪುಸ್ತಕ ಮುಟ್ಟದವನು ನಿಮ್ಮ ಕ್ಲಾಸಿಗೆ ಬಂದ ಮೇಲೆ ರಾತ್ರಿ ತಾನೇ ಓದಿಕೊಳ್ಳುತ್ತಾನೆ" ಎಂಬಂಥ, ಮನೆಯವರಿಗೆ ಮಾತ್ರ ಕಾಣುವ ಬದಲಾವಣೆಯನ್ನು ಬರೆಯಿರಿ. ಅದು ಟೀಚರ್‌ಗೆ ಬೇರೆ ದಾರಿಯಲ್ಲಿ ಗೊತ್ತಾಗುವುದೇ ಇಲ್ಲ.

ಹೂವು ಕೊಡಬಹುದಾ?

ಖಂಡಿತ, ಅದರಲ್ಲೂ ಮಲೆನಾಡಿನವರು. ಶ್ರಾವಣ, ಭಾದ್ರಪದ ಎಂದರೆ ನಮ್ಮಲ್ಲಿ ಡೇರೆ ಹೂವಿನ ಕಾಲ. ಪೇಟೆಯವರು ಡೇಲಿಯಾ ಅನ್ನುವುದು ಇದನ್ನೇ. ಮಳೆ ಹಿಡಿಯುವ ಹೊತ್ತಿಗೆ ನೆಟ್ಟ ಗಡ್ಡೆ ಗೌರಿ ಹಬ್ಬದ ಆಸುಪಾಸಿಗೆ ಅಂಗಳ ತುಂಬ ಹೂ ಬಿಡುತ್ತದೆ. ಊಟದ ತಟ್ಟೆಯಷ್ಟಗಲದ ಕಡುಗೆಂಪು, ಬಿಳಿ ಅಂಚಿನ ನೇರಳೆ, ಹಳದಿ. ಪ್ಲಾಸ್ಟಿಕ್ ಸುತ್ತಿದ ಗುಲಾಬಿಗಿಂತ ಅಂಗಳದ ಒಂದು ಡೇರೆ ಹೂವು ಹೆಚ್ಚು ಮಾತಾಡುತ್ತದೆ. ಮಳೆಗೆ ದಳ ಉದುರುವುದರಿಂದ ಪೂರ್ತಿ ಅರಳುವ ಮುಂಚೆ ಕೊಯ್ದು, ತೊಟ್ಟಿಗೆ ಒದ್ದೆ ಬಟ್ಟೆ ಸುತ್ತಿ, ಬಾಳೆ ಎಲೆಯಲ್ಲಿ ಮಡಚಿ ಕಳಿಸಿ. ಅಬ್ಬಲಿಗೆ, ಜಾಜಿ ಇದ್ದರೆ ಬಾಳೆ ನಾರಿನಲ್ಲಿ ಮಾಲೆ ಕಟ್ಟಬಹುದು. ಮುಡಿಯುವುದು ಬಿಡುವುದು ಅವರ ಇಷ್ಟ.

ಹೂವಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಡೇರೆ ಗಡ್ಡೆಯನ್ನೇ ಕೊಡಿ. ಗಿಡ ಒಣಗಿದ ಮೇಲೆ ಗಡ್ಡೆ ಎತ್ತಿ, ನೆರಳಲ್ಲಿಟ್ಟು, ಬೇಸಿಗೆ ರಜೆಗೆ ಮುಂಚೆ ಟೀಚರ್ ಕೈಗೆ ಕೊಟ್ಟರೆ ಮುಂದಿನ ಶಿಕ್ಷಕರ ದಿನಕ್ಕೆ ಅವರ ಮನೆ ಮುಂದೆ ನಿಮ್ಮ ಮನೆಯ ಬಣ್ಣ. ನಮ್ಮ ಕಡೆ ಹೆಂಗಸರ ಎಷ್ಟೋ ಸ್ನೇಹಗಳು ಹೀಗೆ ಗಡ್ಡೆ, ಕಡ್ಡಿ ಬದಲಾಯಿಸಿಕೊಂಡೇ ಬೆಳೆದವು. ಬಾಡಿಗೆ ಮನೆಯಲ್ಲಿರುವ ಟೀಚರ್‌ಗೆ ಕುಂಡದಲ್ಲಿ ಬೆಳೆಸಿದ ಪೊದೆ ಮೆಣಸು ಚೆನ್ನಾಗಿರುತ್ತದೆ. ಕಾಳುಮೆಣಸಿನ ಬಳ್ಳಿಯ ಅಡ್ಡ ರೆಂಬೆಯಿಂದ ಮಾಡುವ ಗಿಡ ಅದು, ಮರ ಬೇಡ, ವರ್ಗವಾದರೆ ಜೊತೆಗೇ ಒಯ್ಯಬಹುದು.

ಮನೆಯಲ್ಲಿ ಮಾಡಿದ ತಿಂಡಿ?

ಹಿಂದೆ ಹಳ್ಳಿಗಳಲ್ಲಿ ಮೇಷ್ಟ್ರ ಮನೆಗೆ ಸೌತೆಕಾಯಿ, ಬಾಳೆಗೊನೆ, ಹಲಸಿನ ಹಣ್ಣು ಮಕ್ಕಳ ಹೆಗಲ ಮೇಲೆ ಹೋಗುತ್ತಿದ್ದವು. ಈಗಲೂ ಹೋಗಲಿ. ಆದರೆ ಕೆಲವು ಮಾತು ಗಮನದಲ್ಲಿರಲಿ. ಒಂದೇ ದಿನ ಎಲ್ಲರೂ ಸಿಹಿ ಕೊಟ್ಟರೆ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರ ಪಾಡೇನು? ಹಾಳಾಗದೆ ಇರುವಂಥದ್ದನ್ನು ಆರಿಸಿ. ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲಕ್ಕಿಂತ ಭದ್ರ. ಬೇಸಿಗೆಯಲ್ಲಿ ಉಪ್ಪಿಗೆ ಹಾಕಿದ ಮಿಡಿ ಮಳೆಗಾಲಕ್ಕೆ ಹದವಾಗಿರುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಸಾಗರ, ಹೊಸನಗರದ ಕಡೆಯ ಮಿಡಿಯ ಪರಿಮಳ ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಡ. ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳವೂ ಒಳ್ಳೆಯದು. ತೊಡೆದೇವು ಕೊಡುವುದಾದರೆ ಗಾಳಿಯಾಡದ ಡಬ್ಬದಲ್ಲಿ ಕೊಡಿ, ಮಳೆಗಾಲದ ತೇವಕ್ಕೆ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ. ಜೇನು ಕೊಟ್ಟರೆ ಒಂದು ಮಾತು ಹೇಳಿ ಕೊಡಿ: ಘಟ್ಟದ ತುಡುವೆ ಜೇನಿನಲ್ಲಿ ನೀರಿನಂಶ ಹೆಚ್ಚು, ಬಾಟಲಿಯನ್ನು ಬಿಗಿಯಾಗಿ ಮುಚ್ಚಿಟ್ಟು ಬೇಗ ಬಳಸಬೇಕು.

ಎಲ್ಲ ಡಬ್ಬದ ಮೇಲೂ ಏನು, ಯಾವಾಗ ಮಾಡಿದ್ದು ಎಂದು ಚೀಟಿ ಅಂಟಿಸಿ. ಡಬ್ಬ ವಾಪಸ್ ಕೊಡಬೇಕಿಲ್ಲ ಎಂದೂ ಬರೆಯಿರಿ. ಖಾಲಿ ಡಬ್ಬ ಕೊಡುವುದು ಹೇಗೆಂದು ಟೀಚರ್ ಒದ್ದಾಡುವುದು ಬೇಡ.

ನಮ್ಮ ಟೀಚರ್ ಬಯಲುಸೀಮೆಯಿಂದ ಹೊಸದಾಗಿ ಬಂದವರು. ಅವರಿಗೆ ಏನು ಕೊಟ್ಟರೆ ಉಪಯೋಗ?

ಈ ಪ್ರಶ್ನೆ ಕೇಳಿದವರಿಗೆ ನಮಸ್ಕಾರ. ವಿಜಯಪುರ, ರಾಯಚೂರಿನ ಕಡೆಯಿಂದ ತೀರ್ಥಹಳ್ಳಿ, ಹೊಸನಗರದ ಒಳ ಹಳ್ಳಿಗಳಿಗೆ ಬಂದ ಟೀಚರ್‌ಗೆ ಮೊದಲ ಮಳೆಗಾಲ ದೊಡ್ಡ ಪರೀಕ್ಷೆ. ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಕರೆಂಟು ಹೋದರೆ ಯಾವಾಗ ಬರುತ್ತದೋ ತಿಳಿಯದು. ಚಪ್ಪಲಿಗೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಕಾಲಿಗೆ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಹತ್ತಿದರೆ ಏನು ಮಾಡಬೇಕೆಂದು ಹೇಳಿಕೊಡುವವರೂ ಇರುವುದಿಲ್ಲ.

ಅಂಥವರಿಗೆ ಸೆಪ್ಟೆಂಬರ್‌ತನಕ ಕಾಯಬೇಡಿ, ಜೂನ್‌ನಲ್ಲೇ ಕೊಡಿ. ಗಾಳಿಗೆ ತಿರುವಿ ಹಾಕಿಕೊಳ್ಳದ ಗಟ್ಟಿ ಕಡ್ಡಿಯ ದೊಡ್ಡ ಕೊಡೆ. ಒಳ್ಳೆಯ ಚಾರ್ಜಿಂಗ್ ಟಾರ್ಚು. ಒಂದು ದಪ್ಪ ಕಂಬಳಿ. ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟು, ಅದನ್ನು ಒದ್ದೆ ಮಾಡಿ ಹಚ್ಚುವ ಕ್ರಮ. ಇವೆಲ್ಲ ಒಬ್ಬರೇ ಕೊಡಬೇಕಾದ್ದಲ್ಲ, ಊರಿನ ನಾಲ್ಕು ಮನೆಯವರು ಮಾತಾಡಿಕೊಂಡು ಕೊಡಬಹುದು. ಇನ್ನೊಂದು: ಮೂರು ಹೊತ್ತೂ ನಮ್ಮ ಕುಚ್ಚಲಕ್ಕಿ ಅನ್ನ, ಕಡುಬು, ಅಕ್ಕಿರೊಟ್ಟಿ ತಿಂದು ಬೇಸತ್ತವರಿಗೆ ಪೇಟೆಯಿಂದ ತಂದ ಎರಡು ಕೆಜಿ ಒಳ್ಳೆ ಜೋಳದ ಹಿಟ್ಟು ಕೊಟ್ಟು ನೋಡಿ. ಅಮ್ಮನ ಶಾಲೆಗೆ ಹಾಗೆ ಬಂದಿದ್ದ ಟೀಚರ್ ಒಬ್ಬರು ಆ ಹಿಟ್ಟಿನ ಚೀಲ ಕಂಡು ಕಣ್ಣೊರೆಸಿಕೊಂಡಿದ್ದನ್ನು ಅಮ್ಮ ಇವತ್ತಿಗೂ ಹೇಳುತ್ತಾರೆ.

ನಮ್ಮ ಊರಿನ ಕೈಕೆಲಸ ಯಾವುದು ಕೊಡಬಹುದು?

ಮೊದಲು ಹಸೆ ಚಿತ್ತಾರ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಬರೆಯುತ್ತ ಬಂದ ಕಲೆ. ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚಕ್ಕೆ ಪುಂಡಿ ನಾರು. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಒಯ್ಯುವ ಬುಟ್ಟಿಗೂ ಇದೇ ಚಿತ್ತಾರ. ಈಗ ಕಾಗದ, ಬಟ್ಟೆಯ ಮೇಲೂ ಬರೆದುಕೊಡುವವರಿದ್ದಾರೆ. ಗಣಿತದ ಟೀಚರ್‌ಗೆ ಇದಕ್ಕಿಂತ ಒಪ್ಪುವ ಉಡುಗೊರೆ ನನಗೆ ಕಾಣೆ: ಅಳತೆಪಟ್ಟಿ ಹಿಡಿಯದೆ ಎಳೆದ ಆ ಗೆರೆಗಳಲ್ಲಿ ಚೌಕ, ತ್ರಿಕೋನ, ಸಮಾನಾಂತರ ಎಲ್ಲ ಇವೆ. ಬರೆಯುವವರಿಂದಲೇ ನೇರವಾಗಿ ಕೊಳ್ಳಿ, ಚೌಕಾಸಿ ಮಾಡಬೇಡಿ. ಯಾರು ಬರೆದದ್ದು, ಯಾವ ಊರು ಎಂದು ಹಿಂಬದಿಯಲ್ಲಿ ಅವರ ಕೈಯಲ್ಲೇ ಬರೆಸಿ.

ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳೆಯರ ಸಹಕಾರ ಸಂಘವಿದೆ. ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕುತ್ತಾರೆ. ಅಡಿಕೆ ಬೇಯಿಸಿದ ಚೊಗರು ಕೂಡ ಅಲ್ಲಿ ಬಣ್ಣವಾಗುತ್ತದೆ. ಅಲ್ಲಿನ ಒಂದು ಬಗಲಚೀಲ, ಪರೀಕ್ಷೆಯ ಪೇಪರ್ ಕಟ್ಟು ಹಿಡಿಯುವಷ್ಟು ದೊಡ್ಡದು, ಟೀಚರ್‌ಗೆ ದಿನಾ ಕೈಗೆ ಬರುವ ವಸ್ತು. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ಅಪರೂಪದ್ದು, ಆದರೆ ಬೆಲೆಯೂ ಹಾಗೇ ಇರುವುದರಿಂದ ನಿವೃತ್ತಿಯ ಬೀಳ್ಕೊಡುಗೆಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕೊಡುವುದಕ್ಕೆ ಸರಿ.

ಪುಸ್ತಕ?

ಅವರು ಏನು ಓದುತ್ತಾರೆಂದು ಗೊತ್ತಿದ್ದರೆ ಪುಸ್ತಕದಷ್ಟು ಒಳ್ಳೆಯದು ಬೇರೆ ಇಲ್ಲ. ಗೊತ್ತಿಲ್ಲದಿದ್ದರೆ ಮಗುವಿನ ಬಾಯಲ್ಲೇ ಕೇಳಿಸಿ: "ಟೀಚರ್, ನೀವು ಚಿಕ್ಕವರಿದ್ದಾಗ ಯಾವ ಪುಸ್ತಕ ಇಷ್ಟ ಇತ್ತು?" ಹೆಗ್ಗೋಡಿನ ಅಕ್ಷರ ಪ್ರಕಾಶನದಂಥ, ನಮ್ಮ ಜಿಲ್ಲೆಯಲ್ಲೇ ಇರುವ ಪ್ರಕಾಶನಗಳ ಪಟ್ಟಿಯನ್ನೂ ಒಮ್ಮೆ ನೋಡಿ. ಮೊದಲ ಪುಟದಲ್ಲಿ ಮಗುವಿನ ಕೈಬರಹದಲ್ಲಿ ಒಂದು ಸಾಲು, ದಿನಾಂಕ. ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಕೊಡಿ, ಮಳೆನಾಡಿನಲ್ಲಿ ಅದು ಅಲಂಕಾರಕ್ಕಲ್ಲ.

ತರಗತಿಯ ಓದುವ ಮೂಲೆಗೆ ಮಕ್ಕಳ ಪುಸ್ತಕ ಕೊಟ್ಟರೆ ಟೀಚರ್‌ಗೆ ಕೊಟ್ಟ ಹಾಗೂ ಆಯಿತು, ಅವರ ಜೇಬಿನ ಖರ್ಚು ಉಳಿಸಿದ ಹಾಗೂ ಆಯಿತು. ಚಾರ್ಟು, ಸ್ಕೆಚ್ ಪೆನ್ನು, ಬಣ್ಣದ ಸೀಮೆಸುಣ್ಣಕ್ಕೆ ತಮ್ಮ ಸಂಬಳದಿಂದಲೇ ಹಾಕುವ ಟೀಚರ್‌ಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಟೀಚರ್‌ಗೆ ಬಾಗಿನ, ಅರಿಶಿನ ಕುಂಕುಮ, ರವಿಕೆ ಕಣ ಕೊಡೋಣ ಅಂತಿದ್ದೀವಿ.

ನಿಮ್ಮ ಮನೆಗೆ ಬಂದವರಿಗೆ ಕೊಡುವುದು ಬೇರೆ, ಶಾಲೆಯಲ್ಲಿ ಎಲ್ಲರೆದುರು ಕೊಡುವುದು ಬೇರೆ. ಶಾಲೆಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಟೀಚರ್‌ಗಳು ಒಟ್ಟಿಗೆ ಕೂತಿರುತ್ತಾರೆ. ಕುಂಕುಮದ ತಟ್ಟೆ ಹಿಡಿದು ಹೋದರೆ ಯಾರ ಮುಂದೆ ನಿಲ್ಲುವುದು, ಯಾರನ್ನು ದಾಟುವುದು?

ಅಮ್ಮನ ಸಹೋದ್ಯೋಗಿಯೊಬ್ಬರು ಗಂಡನನ್ನು ಕಳೆದುಕೊಂಡ ವರ್ಷ, ಶಾಲೆಗೆ ಬಂದ ಪೋಷಕರು ಸಾಲಾಗಿ ಎಲ್ಲ ಟೀಚರ್‌ಗಳಿಗೂ ಬಾಗಿನ ಕೊಡುತ್ತ ಬಂದು ಅವರ ಮುಂದೆ ಮಾತ್ರ ನಿಲ್ಲದೆ ಮುಂದಿನವರ ಹತ್ತಿರ ಹೋದರು. ಇಡೀ ಊರಿಗೆ ಅಕ್ಷರ ಕಲಿಸಿದವರು ಆ ದಿನ ಸ್ಟಾಫ್ ರೂಮಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರಂತೆ. ಅಮ್ಮ ತಮಗೆ ಬಂದಿದ್ದನ್ನು ಅಲ್ಲೇ ಮೇಜಿನ ಮೇಲಿಟ್ಟು ಎದ್ದು ಹೋಗಿ ಅವರ ಪಕ್ಕ ಕೂತರು. ಶಾಲೆಯಲ್ಲಿ ಕೊಡುವುದು ಏನೇ ಇರಲಿ, ಎಲ್ಲ ಟೀಚರ್‌ಗೂ ಒಂದೇ ಥರ ಕೊಡುವಂಥದ್ದಾಗಿರಲಿ.

ಸೀರೆ, ಶರ್ಟ್ ಪೀಸ್ ಬಗ್ಗೆಯೂ ಇಷ್ಟೇ: ಬಣ್ಣ, ಬೆಲೆ ನೋಡಿ ಹೋಲಿಸುವ ಮಾತು ಬಂದೇ ಬರುತ್ತದೆ. ನಾನಂತೂ ಕೊಡುವುದಿಲ್ಲ.

ಕ್ಲಾಸ್ ಟೀಚರ್ ಒಬ್ಬರಿಗೆ ಕೊಟ್ಟರೆ ಸಾಕಾ?

ಬೆಳಿಗ್ಗೆ ಮಗುವನ್ನು ಬಸ್ಸಿನಿಂದ ಇಳಿಸಿಕೊಳ್ಳುವ ಆಯಾ, ಬಿಸಿಯೂಟ ಬಡಿಸುವ ಅಕ್ಕಂದಿರು, ಆಟದ ಮೈದಾನದಲ್ಲಿ ಮಂಡಿ ತರಚಿದರೆ ಔಷಧಿ ಹಚ್ಚುವ ಪಿ.ಟಿ. ಮೇಷ್ಟ್ರು, ಲೈಬ್ರರಿ ಬೀಗ ತೆಗೆಯುವವರು. ಇವರಲ್ಲಿ ಯಾರ ಹೆಸರನ್ನು ನಿಮ್ಮ ಮಗು ಮನೆಯಲ್ಲಿ ಹೆಚ್ಚು ಹೇಳುತ್ತದೆ ಎಂದು ಗಮನಿಸಿ, ಅವರಿಗೂ ಒಂದು ಚೀಟಿ ಕಳಿಸಿ.

ಅತಿಥಿ ಶಿಕ್ಷಕರನ್ನು ಮಾತ್ರ ಮರೆಯಲೇಬೇಡಿ. ಅದೇ ಕ್ಲಾಸು, ಅದೇ ಪಾಠ, ಆದರೆ ಕೆಲಸ ಆ ವರ್ಷಕ್ಕಷ್ಟೇ. ಮಾರನೇ ವರ್ಷ ಅವರು ಅದೇ ಶಾಲೆಯಲ್ಲಿರುತ್ತಾರೆಂಬ ಭರವಸೆಯಿಲ್ಲ. ಅವರಿಗೆ ಕೊಡುವ ಪತ್ರದಲ್ಲಿ ಪೂರ್ತಿ ಹೆಸರು, ಕಲಿಸಿದ ವಿಷಯ, ತರಗತಿ ಸ್ಪಷ್ಟವಾಗಿರಲಿ, ಪೋಷಕರ ಸಹಿಯೂ ಇರಲಿ. ಮುಂದೆ ಎಲ್ಲಿಗೋ ಕೆಲಸ ಕೇಳಿಕೊಂಡು ಹೋದಾಗ ಅವರು ಅದನ್ನು ಫೈಲಿನಲ್ಲಿ ಇಟ್ಟುಕೊಂಡು ಹೋಗಬಹುದು.

ಟೀಚರ್ ಬೇಡ ಅಂತ ವಾಪಸ್ ಕೊಟ್ಟರು. ಮಗ ಅಳ್ತಿದ್ದಾನೆ.

ಮಗನಿಗೆ ಹೇಳಿ: ಟೀಚರ್ ನಿನ್ನನ್ನು ಬೇಡ ಅನ್ನಲಿಲ್ಲ, ವಸ್ತುವನ್ನು ಬೇಡ ಅಂದರು, ಅದು ಅವರ ನಿಯಮ. ಮಾರನೇ ದಿನ ಒಂದು ಚಿತ್ರ ಬರೆದುಕೊಂಡು ಹೋಗಲಿ. ಅದನ್ನು ಬೇಡ ಎಂದ ಟೀಚರ್‌ನ ನಾನು ಕಂಡಿಲ್ಲ.

ನನಗೆ ಕಲಿಸಿದ ಮೇಷ್ಟ್ರು ಈಗ ನಿವೃತ್ತರು. ಇಷ್ಟು ವರ್ಷದ ಮೇಲೆ ಹೋದರೆ ಏನಂದುಕೊಳ್ತಾರೋ?

ಹೋಗಿ. ಈ ಭಾನುವಾರವೇ ಹೋಗಿ. ನಮ್ಮ ರಾಜ್ಯದಲ್ಲಿ ಶಿಕ್ಷಕರು 60ಕ್ಕೆ ನಿವೃತ್ತರಾಗುತ್ತಾರೆ. ಅಲ್ಲಿಯವರೆಗೆ ದಿನಾ ನೂರು ಸಲ "ಸಾರ್, ಸಾರ್" ಎಂದು ಕೇಳಿಸಿಕೊಂಡ ಕಿವಿಗೆ ಜೂನ್ ತಿಂಗಳ ಮೌನ ಬಹಳ ಭಾರ. ಅಮ್ಮ ನಿವೃತ್ತರಾದ ಮೊದಲ ಜೂನ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸೀರೆ ಉಟ್ಟು ಸಿದ್ಧರಾಗಿ ಜಗಲಿಯಲ್ಲಿ ಕೂರುತ್ತಿದ್ದರು.

ಕೈಯಲ್ಲಿ ಹಣ್ಣು ಹಿಡಿದು ಹೋದರೆ ಸಾಕು. ಹೋದವರು ನಿಮ್ಮ ಸಂಬಳ, ಸೈಟಿನ ಸುದ್ದಿ ಹೇಳುವ ಮುಂಚೆ ಅವರು ಕಲಿಸಿದ ಒಂದು ಪದ್ಯ ಹೇಳಿ, ಅಥವಾ ಅವರ ಪಾಠದ ಒಂದು ದಿನ ನೆನಪಿಸಿ. ಹಳೆಯ ಕ್ಲಾಸಿನ ಗುಂಪು ಫೋಟೊ ನಿಮ್ಮ ಹತ್ತಿರವಿದ್ದರೆ ದೊಡ್ಡದು ಮಾಡಿಸಿ, ಪ್ರತಿ ಮುಖದ ಕೆಳಗೆ ಹೆಸರು, ಈಗೆಲ್ಲಿದ್ದಾರೆ ಎಂದು ಬರೆಸಿ. ಅದನ್ನು ಓದುತ್ತ ಅವರ ಇಡೀ ಸಂಜೆ ಕಳೆಯುತ್ತದೆ. ಆಸ್ಪತ್ರೆಗೆ ಕರೆದೊಯ್ಯುವುದು, ಪಿಂಚಣಿಯ ಕಾಗದಪತ್ರ ಆನ್‌ಲೈನ್‌ನಲ್ಲಿ ತುಂಬಿಕೊಡುವುದು, ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಡುವುದು ಇವೂ ಉಡುಗೊರೆಗಳೇ.

ಊರಲ್ಲಿ ಗುರುವಂದನೆ ಕಾರ್ಯಕ್ರಮ ಇಟ್ಟುಕೊಂಡರೆ ಮೇಷ್ಟ್ರನ್ನು ಮನೆಯಿಂದ ಕರೆತಂದು ಮತ್ತೆ ಮನೆಗೆ ಬಿಡುವ ವ್ಯವಸ್ಥೆ ಮೊದಲು ಆಗಲಿ. ಬೆನ್ನಿಗೆ ಆಧಾರವಿರುವ ಕುರ್ಚಿ ಹಾಕಿಸಿ. ಜನಪ್ರತಿನಿಧಿಗಳಿಗಾಗಿ ಎರಡು ಗಂಟೆ ಕಾಯಿಸಬೇಡಿ. ಶಾಲು, ಹಾರ, ನೆನಪಿನ ಕಾಣಿಕೆ ಮುಗಿಸಿ ಬೇಗ ಮೈಕನ್ನು ಅವರ ಕೈಗೆ ಕೊಡಿ. ಇನ್ನೊಮ್ಮೆ ಪಾಠ ಮಾಡಲಿ, ಹಳೆಯ ಬೆಂಚಿನಲ್ಲಿ ನೀವು ಕೂತು ಕೇಳಿ.

ಮೇಷ್ಟ್ರು ತೀರಿಕೊಂಡಿದ್ದಾರೆ. ಈಗ ಏನು ಮಾಡಬಹುದು?

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರಿಗೆ ಮೈಸೂರಿನಲ್ಲಿ ಕನ್ನಡ ಕಲಿಸಿದವರು ಟಿ.ಎಸ್. ವೆಂಕಣ್ಣಯ್ಯ. ಗುರುಗಳು 1939ರಲ್ಲಿ ತೀರಿಕೊಂಡರು. ವರ್ಷಗಳಾದ ಮೇಲೆ ಶ್ರೀ ರಾಮಾಯಣ ದರ್ಶನಂ ಮುಗಿದಾಗ ಕುವೆಂಪು ಅದನ್ನು ಅರ್ಪಿಸಿದ್ದು ಅವರಿಗೇ. ನೋಡಲು ಗುರುಗಳಿಲ್ಲದಿದ್ದರೂ ಒಪ್ಪಿಸುವುದನ್ನು ಶಿಷ್ಯ ಬಿಡಲಿಲ್ಲ.

ನಾವು ಮಹಾಕಾವ್ಯ ಬರೆಯಬೇಕಿಲ್ಲ. ಅವರ ಮನೆಯವರಿಗೆ ಒಂದು ಪತ್ರ ಬರೆಯಿರಿ. ಮೇಷ್ಟ್ರು ಶಾಲೆಯಲ್ಲಿ ಹೇಗಿದ್ದರೆಂದು ಅವರ ಹೆಂಡತಿ, ಮಕ್ಕಳು ನೋಡಿರುವುದಿಲ್ಲ. ನೀವು ನೋಡಿದ್ದೀರಿ. ಅವರು ಪಾಠ ಮಾಡಿದ ಶಾಲೆಗೆ ಅವರ ಹೆಸರಿನಲ್ಲಿ ಪುಸ್ತಕದ ಕಪಾಟು, ಕುಡಿಯುವ ನೀರಿನ ಫಿಲ್ಟರ್ ಕೊಡಬಹುದು. ಅದಕ್ಕೆ ಮುಂಚೆ ಮುಖ್ಯ ಶಿಕ್ಷಕರನ್ನೂ ಶಾಲಾಭಿವೃದ್ಧಿ ಸಮಿತಿಯವರನ್ನೂ ಕೇಳಿ, ಶಾಲೆಗೆ ನಿಜಕ್ಕೂ ಬೇಕಾದ್ದನ್ನೇ ಕೊಡಿ. ದಾನಿಗಳ ಹೆಸರಿಗಿಂತ ಮೇಷ್ಟ್ರ ಹೆಸರಿನ ಅಕ್ಷರ ದೊಡ್ಡದಿರಲಿ.

ಇದನ್ನೆಲ್ಲ ಓದೋ ಮುಂಚೆನೇ ಗೋಡೆ ಗಡಿಯಾರ ಕೊಂಡಾಗಿದೆ. ವಾಪಸ್ ತಗೊಳ್ಳಲ್ವಂತೆ.

ಕೊಡಿ, ತಪ್ಪೇನಿಲ್ಲ. ಬಣ್ಣದ ಕಾಗದ ಸುತ್ತುವ ಮುಂಚೆ ಮಗುವನ್ನು ಕರೆದು, ಗಡಿಯಾರದ ಹಿಂಬದಿಗೆ ಅಂಟಿಸಲು ಒಂದು ಚೀಟಿ ಬರೆಸಿ. ಗಡಿಯಾರ ನೋಡುವುದನ್ನು ಕಲಿಸಿದ್ದು ಅದೇ ಟೀಚರ್ ಆಗಿದ್ದರೆ ಅದನ್ನೇ ಬರೆಯಲಿ. ಸೆಲ್ ಹಾಕಿ, ಸಮಯ ಸರಿಮಾಡಿ ಕೊಡಿ.